ಕನ್ನಡಕ ಹಾಕಿದ ರಾಣಿ

ಪೆರಂಬೂರು, ಚೆನ್ನೈ
೩೦ ಸೆಪ್ಟೆಂಬರ್ ೨೦೨೫, ಮಂಗಳವಾರ, ದುರ್ಗಾಷ್ಟಮಿ

ಚಿರಂಜೀವಿ ಉಪೇಂದ್ರರಿಗೆ ಮಾವ ವಿಷ್ಣುತೀರ್ಥನ ಆಶೀರ್ವಾದಗಳು.

ನಿಮ್ಮ ತಾಯಿ ಜಾನಕಮ್ಮನವರ ಬಲಗಣ್ಣಿನ ಪೊರೆ ತೆಗೆಸಿ ಇಂದಿಗೆ ಎರಡು ವಾರವಾಯಿತು. ಹನಿ ಬಿಡುವುದನ್ನು ಹಬ್ಬದ ಗಡಿಬಿಡಿಯಲ್ಲಿ ತಪ್ಪಿಸುತ್ತಿಲ್ಲವೆಂದು ನಂಬಿದ್ದೇನೆ. ಒಲೆಯ ಮುಂದೆ ನಿಲ್ಲಲು ಬಿಡಬೇಡಿ, ಬಿಟ್ಟರೆ ನಿಲ್ಲುತ್ತಾರೆ. ಮೊಮ್ಮಗಳು ವೀಕ್ಷಾಳ ಕೆಮ್ಮು ಕಡಿಮೆಯಾಯಿತೇ? ಮೈಸೂರಿನ ಬೆಳಗಿನ ಚಳಿ ಮದರಾಸಿನಲ್ಲಿ ಹುಟ್ಟಿ ಒಂಬತ್ತು ವರ್ಷ ಬೆಳೆದ ಮಗುವಿಗೆ ಹೊಸದು, ಶಾಲೆಗೆ ಹೋಗುವಾಗ ಕಿವಿ ಮುಚ್ಚಿರಲಿ. ನಿಮ್ಮ ವಿಮಾ ಕಛೇರಿಯ ಕುರ್ಚಿಯನ್ನು ಬದಲಾಯಿಸಿಕೊಟ್ಟರೇ? ಬೆನ್ನುನೋವನ್ನು ಅಲಕ್ಷ್ಯ ಮಾಡುವ ವಯಸ್ಸಲ್ಲ ನಿಮ್ಮದು. ನನ್ನ ಆರೋಗ್ಯ ನನ್ನ ವಯಸ್ಸಿಗೆ ತಕ್ಕಂತಿದೆ. ಅದರ ಬಗ್ಗೆ ಮರುಪತ್ರದಲ್ಲಿ ವಿಚಾರಿಸುವ ಅಗತ್ಯವಿಲ್ಲ.

ತಾಯಿಯವರಿಗೆ ಈಗ ಓದಲಾಗದು. ಹಾಗಾಗಿ ಊಟವಾದ ಮೇಲೆ ನಡುಮನೆಯಲ್ಲಿ ಈ ಪತ್ರವನ್ನು ನೀವು ಗಟ್ಟಿಯಾಗಿ ಓದುತ್ತೀರಿ, ಅವರು ಗೋಡೆಗೆ ಒರಗಿ ಕೇಳುತ್ತಾರೆ, ಹಬ್ಬಕ್ಕೆ ಬಂದ ನೆಂಟರಲ್ಲಿ ಒಬ್ಬಿಬ್ಬರು ಎಲೆಯಡಿಕೆ ಮೆಲ್ಲುತ್ತ ಕಿವಿಗೊಡುತ್ತಾರೆ. ಇದು ನನಗೆ ಗೊತ್ತಿರುವುದರಿಂದ ಸಭೆಯ ಮರ್ಯಾದೆಯನ್ನು ಪಾಲಿಸುತ್ತೇನೆ. ನೆರೆದಿರುವ ಎಲ್ಲರಿಗೂ ಮೊದಲು ನನ್ನ ಕೃತಜ್ಞತೆ. ಆಗಸ್ಟ್ ತಿಂಗಳಲ್ಲಿ ನನ್ನ ಮಗಳು ವೃಂದಾಳ ವರ್ಷಾಬ್ದಿಕವನ್ನು ನಿಮ್ಮ ಮನೆಯಲ್ಲಿ ಯಾವ ಕೊರತೆಯೂ ಇಲ್ಲದೆ ನಡೆಸಿದಿರಿ. ಅವಳನ್ನು ಜ್ವರ ಹನ್ನೊಂದು ದಿನಗಳಲ್ಲಿ ಕೊಂಡೊಯ್ದಾಗಲೂ ಕೀಲ್ಪಾಕಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಇದ್ದೇ ಇದ್ದಿರಿ. ಅದಕ್ಕೆ ನಾನು ಋಣಿ. ಆದರೆ ನಿಮ್ಮ ಅನುಕಂಪವನ್ನು ಈ ಕ್ಷಣದಿಂದ ನಿರಾಕರಿಸುತ್ತೇನೆ. ಏಕೆಂದರೆ ಒಂಬತ್ತು ದಿನದ ಹಿಂದೆ ನಾನು ಫೋನಿನಲ್ಲಿ ಆಡಿದ ಮಾತುಗಳನ್ನು ನೀವು ಆ ಅನುಕಂಪದ ಹೆಸರಿನಲ್ಲಿ ಮನ್ನಿಸಿಬಿಟ್ಟಿದ್ದೀರಿ. "ಮಾವ, ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ" ಎಂದು ಸಂದೇಶ ಕಳುಹಿಸಿದಿರಿ. ಮಗಳನ್ನು ಕಳೆದುಕೊಂಡವನಿಗೆ ಬಾಯಿಗೆ ಬಂದದ್ದನ್ನು ಆಡುವ ಪರವಾನಗಿ ಸಿಗುವುದಾದರೆ ಆ ಪರವಾನಗಿ ನನಗೆ ಬೇಡ. ನಾನು ಆಡಿದ್ದು ದುಃಖವಲ್ಲ, ಆರೋಪ. ಅದನ್ನು ಆರೋಪವೆಂದೇ ಎತ್ತಿಕೊಂಡು ಖಂಡಿಸಬೇಕಿತ್ತು. ನೀವು ಖಂಡಿಸಲಿಲ್ಲವಾದ್ದರಿಂದ ಆ ಕೆಲಸವನ್ನು ನಾನೇ ಮಾಡುತ್ತಿದ್ದೇನೆ.

(ವೀಕ್ಷಾ ಅಲ್ಲೇ ಕುಳಿತಿದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಅವಳನ್ನು ಹೂವು ತರಲೆಂದೋ ಬೇರಾವುದಕ್ಕೋ ಹೊರಗೆ ಕಳುಹಿಸಿ, ನಂತರ ಮುಂದುವರಿಸಿ.)

ಹನ್ನೆರಡು ವರ್ಷದ ಹಿಂದೆ ವೃಂದಾಳನ್ನು ನಿಮಗೆ ಧಾರೆಯೆರೆದು ಕೊಟ್ಟಾಗ ಪದ್ಧತಿಯಂತೆ ಪಟ್ಟದ ಗೊಂಬೆಗಳನ್ನೂ ಕೊಟ್ಟೆ. ಅಂಗಡಿಯಿಂದ ತಂದವಲ್ಲ. ನಾನೇ ನಕ್ಷೆ ಬರೆದು, ರಕ್ತಚಂದನದ ತುಂಡು ಹುಡುಕಿಸಿ, ಬಡಗಿಯ ಪಕ್ಕದಲ್ಲಿ ಮೂರು ಭಾನುವಾರ ಕುಳಿತು ಮಾಡಿಸಿದ ರಾಜ ಮತ್ತು ರಾಣಿ. ಪ್ರತಿ ನವರಾತ್ರಿಗೂ ವೃಂದಾ ಅವೆರಡಕ್ಕೆ ಚೂರು ಬಟ್ಟೆಗಳಲ್ಲಿ ಹೊಸ ಉಡುಪು ಹೊಲಿಯುತ್ತಿದ್ದಳು. ಹಳೆಯದನ್ನು ಬಿಸಾಡದೆ ವರ್ಷದ ಚೀಟಿ ಹಚ್ಚಿ ಗಂಟು ಕಟ್ಟಿಡುತ್ತಿದ್ದಳು. ವರ್ಷಾಬ್ದಿಕದ ಮರುದಿನ ನಿಮ್ಮ ತಾಯಿಯವರು ಅವಳ ಟ್ರಂಕನ್ನು ನನ್ನ ಮುಂದಿಟ್ಟು, "ಬೀಗರೇ, ಇವು ನಿಮ್ಮ ಮನೆಯ ಗೊಂಬೆಗಳು, ನಿಮ್ಮಲ್ಲೇ ಇರುವುದು ಸರಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಸೌಜನ್ಯ. ಆದರೆ ಕೊಟ್ಟು ಕಳುಹಿಸಿದ್ದನ್ನು ಹಿಂದಕ್ಕೆ ಪಡೆದು ಮನೆಗೆ ಹೊತ್ತು ತರುವ ತಂದೆಗೆ ರೈಲಿನಲ್ಲಿ ಕಾಲಿಡಲು ಎಷ್ಟು ಜಾಗವಿದ್ದರೂ ಸಾಲದು. ಏಳು ಗಂಟೆ ಆ ಟ್ರಂಕಿನ ಮೇಲೆ ಕೈಯಿಟ್ಟು ಕುಳಿತಿದ್ದೆ. ಮನೆಗೆ ಬಂದು ಮಂಚದ ಕೆಳಗೆ ತಳ್ಳಿದವನು ಮಹಾಲಯ ಅಮಾವಾಸ್ಯೆಯವರೆಗೆ ತೆರೆಯಲಿಲ್ಲ.

ಅಂದು ಸಂಜೆ ತೆರೆದರೆ ರಾಜನಿದ್ದ, ಹನ್ನೊಂದು ಗಂಟು ಬಟ್ಟೆಗಳಿದ್ದವು, ರಾಣಿ ಇರಲಿಲ್ಲ. ಅವಳ ಜಾಗದಲ್ಲಿ, ಅವಳದೇ ಅಳತೆಗೆ, ಹಳೆಯ ಪತ್ರಿಕೆಯನ್ನು ಅಂಟಿನಲ್ಲಿ ಸುತ್ತಿ ಮಾಡಿದ ಕಾಗದದ ಬೊಂಬೆಯೊಂದು ರೇಷ್ಮೆಯ ತುಂಡು ಉಟ್ಟು ಮಲಗಿತ್ತು. ನಿಮ್ಮ ಎರಡನೆಯ ಮದುವೆ ಗೊತ್ತಾದ ಸುದ್ದಿಯನ್ನು ಗಣೇಶನ ಹಬ್ಬದ ನಂತರ ನೀವೇ ತಿಳಿಸಿದ್ದಿರಿ. ನಾಲ್ಕು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿರೋಧ ಪಕ್ಷದಲ್ಲೇ ನಿಂತು ಗೆದ್ದವನಿಗೆ ಎರಡು ಸಂಗತಿಗಳನ್ನು ಜೋಡಿಸಲು ಎಷ್ಟು ಹೊತ್ತು ಬೇಕು? ಕೂಡಲೇ ಫೋನು ಹಚ್ಚಿದೆ. ರಾಣಿಯನ್ನು ಹೊಸ ಸೊಸೆ ರಂಜನಿಗೆಂದು ಇಟ್ಟುಕೊಂಡಿರಿ ಎಂದೆ. ಮುದುಕನಿಗೆ ಕಾಣಿಸದೆಂದು ರದ್ದಿ ಕಾಗದ ತುಂಬಿ ಕಳುಹಿಸಿದಿರಿ ಎಂದೆ. ಇನ್ನು ಈ ಎರಡು ಮನೆಗಳ ನಡುವೆ ಮಾತಿಲ್ಲ, ಮಗುವಿಗೂ ಹಾಗೆಂದು ತಿಳಿಸಿ ಎಂದೆ. ನಿಮ್ಮ ತಾಯಿಯವರು, "ನನಗೆ ಗೊತ್ತಿಲ್ಲ ಬೀಗರೇ, ಮುಚ್ಚಿದ್ದ ಟ್ರಂಕನ್ನು ಹಾಗೇ ಕೊಟ್ಟೆ" ಎಂದಷ್ಟೇ ಹೇಳಿದರು. ಅವರ ಧ್ವನಿ ನಡುಗುತ್ತಿತ್ತು. ಅದನ್ನೂ ನಾನು ಸಾಕ್ಷ್ಯವೆಂದೇ ಪರಿಗಣಿಸಿದೆ.

ಮರುದಿನ ಗೊಂಬೆ ಕೂರಿಸಿದೆ. ಏಕೆ ಎಂದು ಕೇಳಬೇಡಿ. ಕೂರಿಸದಿರಲು ಕಾರಣ ಹುಡುಕಿದೆ, ದೊರೆಯಲಿಲ್ಲ. ಮೂರು ಮೆಟ್ಟಿಲು, ಬಿಳಿಯ ಪಂಚೆ ಹಾಸಿ. ಕೆಳಗೆ ವೃಂದಾ ಮಾಡುತ್ತಿದ್ದಂತೆಯೇ ಒಂದು ಉದ್ಯಾನ: ತಟ್ಟೆಯಲ್ಲಿ ರಾಗಿಯ ಪೈರು, ಹಸಿರು ಬಣ್ಣ ಕಲಸಿದ ಮರದ ಹೊಟ್ಟು, ಕೊಳಕ್ಕೆ ಮುಖ ನೋಡುವ ಕನ್ನಡಿ. ಬೆಂಕಿಪೊಟ್ಟಣಗಳನ್ನು ಜೋಡಿಸಿ ಎಂಟು ಬೋಗಿಗಳ ರೈಲನ್ನೂ ಮಾಡಿದೆ. ರೈಲು ಬೋಗಿಗಳ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಮೂವತ್ತಾರು ವರ್ಷ ಕುಳಿತವನಿಗೆ ಅದು ದೊಡ್ಡ ಕೆಲಸವೇನಲ್ಲ, ಆದರೆ ಬೆರಳುಗಳು ಈಗ ಮಾತು ಕೇಳುವುದಿಲ್ಲ. ರಾಜನೊಬ್ಬನನ್ನೇ ಕಳಶದ ಬಲಕ್ಕೆ ನಿಲ್ಲಿಸಿದೆ. ಪ್ರತಿ ಸಂಜೆ ಉಸಲಿ ಮಾಡಿದೆ; ಮೊದಲ ದಿನ ಕಡಲೆ, ಎರಡನೆಯ ದಿನ ಹೆಸರುಕಾಳು. ದೀಪ ಹಚ್ಚಿ ಬಾಗಿಲು ತೆರೆದು ಕುರ್ಚಿ ಹಾಕಿಕೊಂಡು ಕುಳಿತೆ. ಮೆಟ್ಟಿಲಿನಲ್ಲಿ ರೇಷ್ಮೆಯ ಸದ್ದು, ಬಳೆಯ ಸದ್ದು, ಮಕ್ಕಳು ಹಾಡು ಒಪ್ಪಿಸುವ ಸದ್ದು, ಎಲ್ಲವೂ ಮೇಲಿನ ಮಹಡಿಗೆ, ಕೆಳಗಿನ ಮಹಡಿಗೆ. ಅರಿಶಿನ ಕುಂಕುಮ ಕೊಡಲು ಹೆಂಗಸರಿಲ್ಲದ ಮನೆಗೆ ಗೊಂಬೆ ನೋಡಲು ಯಾರು ಬರುತ್ತಾರೆ? ಅವರದು ತಪ್ಪಲ್ಲ. ಎಂಟೂವರೆಗೆ ಬಾಗಿಲು ಮುಚ್ಚಿ ಉಸಲಿಯನ್ನೇ ರಾತ್ರಿಯ ಊಟವೆಂದು ತಿಂದೆ. ನಾಲ್ಕು ದಿನ ಹೀಗೆ ಕಳೆಯಿತು.

ಐದನೆಯ ಸಂಜೆ ಎದುರುಬಾಗಿಲಿನ ಸೆಲ್ವಿಯಮ್ಮ ಬಂದರು. ನನ್ನ ಕಾರ್ಖಾನೆಯಲ್ಲೇ ಪೇಂಟ್ ಶಾಪಿನಲ್ಲಿದ್ದವರ ಹೆಂಡತಿ. ಗಂಡ ಹೋದ ಮೇಲೆ ಅವರನ್ನೂ ಈ ಹಬ್ಬಕ್ಕೆ ಯಾರೂ ಕರೆಯುವುದಿಲ್ಲ. "ಸಾರ್, ನಿಮ್ಮ ಮನೆಗೆ ಯಾರೂ ಬರಲ್ಲ, ನನ್ನನ್ನು ಯಾರೂ ಕೂಪ್ಪಿಡಲ್ಲ, ಸರಿಯಾಗೋಯ್ತು, ಸುಂಡಲ್ ಕೊಡಿ" ಎನ್ನುತ್ತ ನೆಲದ ಮೇಲೆ ಕುಳಿತೇಬಿಟ್ಟರು. ಉಪ್ಪು ಕಡಿಮೆಯೆಂದರು. ಮತ್ತೆ ಮೆಟ್ಟಿಲು ನೋಡಿ, "ರಾಜಾ ಏನ್ ಸಾರ್ ತನಿಯಾ ನಿಕ್ಕಿರಾರು?" ಎಂದು ಕೇಳಿದರು. ರಾಜ ಏಕೆ ಒಂಟಿಯಾಗಿ ನಿಂತಿದ್ದಾನೆ? ನನ್ನ ವಾದಕ್ಕೆ ಒಬ್ಬ ಕೇಳುಗರು ಸಿಕ್ಕರಲ್ಲ ಎಂದು ಟ್ರಂಕಿನಿಂದ ಆ ಕಾಗದದ ಬೊಂಬೆಯನ್ನು ತಂದು, ನೋಡಿ ನನಗೆ ಮಾಡಿದ ಮೋಸ ಎಂದು ಅವರ ಕೈಗಿಟ್ಟೆ. ಸೆಲ್ವಿಯಮ್ಮ ಅದನ್ನು ದೀಪದ ಹತ್ತಿರ ಹಿಡಿದರು. "ಅಯ್ಯೋ ಸಾರ್, ಕಣ್ಣಾಡಿ ಹಾಕಿದೆ. ಇದು ನಮ್ಮ ವೃಂದಾ ಅಲ್ಲವಾ!"

ತಂತಿಯನ್ನು ಬಗ್ಗಿಸಿ ಮಾಡಿದ ಕನ್ನಡಕ. ಎಡಗಡೆಯ ಕಡ್ಡಿ ತುಸು ಸೊಟ್ಟಗೆ. ಐದನೆಯ ವಯಸ್ಸಿನಿಂದ ಕನ್ನಡಕ ಹಾಕಿದ ನನ್ನ ಮಗಳ ಎಡಗಡೆಯ ಕಡ್ಡಿಯೂ ಸದಾ ಸೊಟ್ಟಗೇ ಇರುತ್ತಿತ್ತು, ಅದಕ್ಕಾಗಿ ನಾನು ಬೈಯುತ್ತಲೇ ಇದ್ದೆ. ಟ್ರಂಕು ತೆರೆದು ಐದು ದಿನವಾಗಿದ್ದರೂ ನನಗೆ ಅದು ಕಂಡಿರಲಿಲ್ಲ. ನಾನು ನೋಡಿದ್ದು ರದ್ದಿ ಕಾಗದವನ್ನು ಮಾತ್ರ.

ಆಗ ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು, ನಿಮಗೂ ನೆನಪಿರಬಹುದು, ನೀವು ನಗುತ್ತಿದ್ದಿರಿ. ಕೈಯಲ್ಲಿ ಮಾಡಿದ ಯಾವ ವಸ್ತುವಿಗೂ, ಕಾರ್ಖಾನೆಯ ನಕ್ಷೆಗಳಿಗಿರುವಂತೆ, ತಳದಲ್ಲಿ ನಾಲ್ಕು ಸಾಲು ಬರೆದಿರಬೇಕು: ಮಾಡಿದವರು, ದಿನಾಂಕ, ಉದ್ದೇಶ, ಪರಿಶೀಲಿಸಿದವರು. ಕೊನೆಯ ಸಾಲಿಗೆ ಸಹಿ ಹಾಕುವವನು ನಾನು. ಹತ್ತು ವರ್ಷದ ವೃಂದಾ ಒಮ್ಮೆ ದಸರಾ ರಜೆಯೆಲ್ಲ ಕುಳಿತು ರಟ್ಟಿನಲ್ಲಿ ಪೆರಂಬೂರು ಸ್ಟೇಷನ್ ಕಟ್ಟಿದ್ದಳು; ಗಡಿಯಾರ, ಹೂ ಮಾರುವವಳು, ಬೆಂಚಿನ ಮೇಲೆ ಮಲಗಿದ ನಾಯಿ ಸಮೇತ. ಪ್ಲಾಟ್‌ಫಾರಂ ಬೋಗಿಯ ಬಾಗಿಲಿಗಿಂತ ಎತ್ತರವಾಗಿದೆಯೆಂದು ನಾನು ಸಹಿ ಹಾಕಲಿಲ್ಲ. ಸರಿಪಡಿಸಿ ತಾ ಎಂದೆ. ಅವಳು ತರಲಿಲ್ಲ. ಆಮೇಲೆ ಎಷ್ಟೋ ಮಾಡಿದಳು, ಮೂರು ಸಾಲು ಬರೆದಳು, ನಾಲ್ಕನೆಯದನ್ನು ಎಂದೂ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಅಳತೆಯ ವಿಷಯದಲ್ಲಿ ಅಂದು ನಾನು ಹೇಳಿದ್ದು ಸರಿಯೇ ಆಗಿತ್ತು. ಸರಿಯಾಗಿರುವುದರಿಂದ ನನಗೆ ಸಿಕ್ಕಿದ್ದು ಅಷ್ಟೇ.

ಕಾಗದದ ಬೊಂಬೆಯನ್ನು ಮಗುಚಿದೆ. ತಳದಲ್ಲಿ ಪೆನ್ಸಿಲಿನಿಂದ, ತಮಿಳು ಅಕ್ಷರಗಳಲ್ಲಿ, ನಾಲ್ಕು ಸಾಲು. ಮಾಡಿದವರು: ವೀಕ್ಷಾ. ದಿನಾಂಕ: ಆಗಸ್ಟ್ ಒಂಬತ್ತು. ಉದ್ದೇಶ: ತಾತ ರಾಜನನ್ನು ನಮ್ಮ ಮನೆಗೆ ವಾಪಸ್ ಕರೆತರುವವರೆಗೆ ರಾಜನ ಜೊತೆಗಿರಲು. ಪರಿಶೀಲಿಸಿದವರು: ಖಾಲಿ.

ಆಗಸ್ಟ್ ಒಂಬತ್ತು ಎಂದರೆ ವರ್ಷಾಬ್ದಿಕಕ್ಕೆ ಐದು ದಿನ ಮೊದಲು. ರಂಜನಿಯ ಹೆಸರನ್ನು ನಿಮ್ಮ ಮನೆಯಲ್ಲಿ ಯಾರೂ ಕೇಳಿರದ ಕಾಲ. ಟ್ರಂಕು ನನ್ನ ಜೊತೆ ಹೋಗುವುದೆಂದು ಹಿರಿಯರು ಮಾತಾಡಿಕೊಂಡದ್ದನ್ನು ಮಗು ಕೇಳಿಸಿಕೊಂಡಿದೆ. ಗೊಂಬೆಗಳೆರಡೂ ಹೋದರೆ ತಾತನಿಗೆ ಮೈಸೂರಿಗೆ ಬರಲು ಕಾರಣವುಳಿಯದು, ರಾಜ ರಾಣಿಯರನ್ನು ಅಗಲಿಸಿದರೆ ತಾತ ಬರಲೇಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಎದುರಾಳಿ ಇಂಥ ವಾದವನ್ನು ಕಟ್ಟಿದಾಗ ಎದ್ದು ನಿಂತು ತಲೆಬಾಗುವುದು ನಾವು ಕಾಲೇಜಿನಲ್ಲಿ ಪಾಲಿಸುತ್ತಿದ್ದ ಸಂಪ್ರದಾಯ. ಹಾಗೆ ಉಪಾಯ ಹೂಡಿದ ಮಗುವಿಗೆ, ಎರಡು ಮನೆಗಳ ನಡುವೆ ಮಾತಿಲ್ಲವೆಂದು ತಿಳಿಸಿ ಎಂದು ನಾನು ಹೇಳಿದ್ದೆ. ನೀವು ತಿಳಿಸಿರಲಾರಿರಿ. ತಿಳಿಸಿದ್ದರೂ ನಿಮ್ಮನ್ನು ದೂರುವ ಹಕ್ಕು ನನಗಿಲ್ಲ.

ಜಾನಕಮ್ಮನವರೇ, ನಾನು ನಿಮ್ಮ ಮೇಲೆ ಹೊರಿಸಿದ್ದು ಸುಳ್ಳು. ಅದನ್ನು ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ. ದುಃಖದಲ್ಲಿ ಆಡಿದ್ದೆಂದು ಸಮಜಾಯಿಷಿ ಕೊಡುವುದಿಲ್ಲ, ನೀವೂ ಕೊಡಬೇಡಿ. ಕ್ಷಮಿಸುವುದಾದರೆ ತಪ್ಪು ಮಾಡಿದವನನ್ನು ಕ್ಷಮಿಸಿ. ಮಗಳು ಸತ್ತವನೆಂದು ಕ್ಷಮಿಸಬೇಡಿ. ಉಪೇಂದ್ರರೇ, ರಾಣಿ ನಿಮ್ಮ ಮನೆಯಲ್ಲೇ ಎಲ್ಲೋ ಇದ್ದಾಳೆ. ಹುಡುಕಬೇಡಿ, ಮಗುವನ್ನು ಪ್ರಶ್ನಿಸಬೇಡಿ.

ತಾಯಿಯವರಿಗೆ ನನ್ನ ನಮಸ್ಕಾರಗಳು. ನಿಮಗೂ ವೀಕ್ಷಾಳಿಗೂ ದೇವರು ಆಯುರಾರೋಗ್ಯ ಕೊಡಲಿ. ಅವಳಿಗೆ ಕನ್ನಡ ಬರೆಯುವ ಅಭ್ಯಾಸ ಮಾಡಿಸಿ, ಆದರೆ ತಮಿಳನ್ನು ಮರೆಯಲು ಬಿಡಬೇಡಿ; ಅವಳು ನನಗೆ ಬರೆಯುವುದು ಆ ಭಾಷೆಯಲ್ಲಿ.

ಇತಿ,
ವಿಷ್ಣುತೀರ್ಥ

ಮರೆತೆ: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ರಂಜನಿಗೆ ತಂದೆಯಿಲ್ಲ, ಎರಡನೆಯ ಸಂಬಂಧವಾದ್ದರಿಂದ ಪಟ್ಟದ ಗೊಂಬೆಯ ಶಾಸ್ತ್ರವೆಲ್ಲ ಬೇಡವೆಂದು ಆಕೆಯ ಮನೆಯವರು ಹೇಳಿದ್ದಾರೆಂದು ನೀವು ತಿಳಿಸಿದ್ದಿರಿ. ನನಗೆ ಒಪ್ಪಿಗೆಯಿಲ್ಲ. ಯಾರನ್ನೂ ಕೇಳದೆ ನಾನೊಬ್ಬನೇ ತೀರ್ಮಾನಿಸಿದ್ದೇನೆ. ನಾಡಿದ್ದು ವಿಜಯದಶಮಿಗೆ ರಾಜನನ್ನು ಮಲಗಿಸಿ ಪೆಟ್ಟಿಗೆಗಿಡುತ್ತೇನೆ. ಕಾರ್ತಿಕದಲ್ಲಿ ಮದುವೆಗೆ ಬರುತ್ತೇನೆ, ವೀಕ್ಷಾಳ ಕೈಯಿಂದ ರಾಣಿಯನ್ನು ಕೇಳಿ ಪಡೆಯುತ್ತೇನೆ, ಎರಡನ್ನೂ ಜೊತೆಮಾಡಿ ತಂದೆ ಕೊಡಬೇಕಾದ ಸ್ಥಾನದಲ್ಲಿ ನಿಂತು ರಂಜನಿಯ ಮಡಿಲಿಗೆ ಹಾಕುತ್ತೇನೆ. ಇಬ್ಬರಿಗೂ ಈ ವರ್ಷದ ಉಡುಪು ಹೊಲಿದಾಗಿದೆ. ರಾಣಿಯ ಅಳತೆ ನನ್ನ ನಕ್ಷೆಯಲ್ಲಿತ್ತು. ಕನ್ನಡಕದವಳನ್ನು ಮಾತ್ರ ಕೇಳಬೇಡಿ. ನಾಲ್ಕನೆಯ ಸಾಲಿಗೆ ಸಹಿ ಹಾಕಿದ್ದೇನೆ. ಅವಳು ಇಲ್ಲಿ ನನ್ನ ಜೊತೆಗಿರುತ್ತಾಳೆ.