ಹರಕೆ ಕೋಳಿಗೆ ಬಸ್ಸು, ಸಾಕಿದ ನಾಯಿಗೆ ರಸ್ತೆ

ಬಸ್ ಕಚೇರಿಯ ವ್ಯವಸ್ಥಾಪಕ ಮಹಾಶಯರೇ,

ತಾವು ಅಪ್ಪಣೆ ಕೊಡಿಸಿದಂತೆ ನನ್ನ ನಾಯಿಯನ್ನು ತಮ್ಮೆದುರು ಹಾಜರುಪಡಿಸಲು ನನ್ನಿಂದಾಗದು. ಅದು ತಮ್ಮದೇ ಬಸ್ಸಿನ ಹಿಂದಿನ ಚಕ್ರಕ್ಕೆ ಸಿಕ್ಕಿ ಸತ್ತು ಇಂದಿಗೆ ಹದಿನೇಳು ದಿನ. ಕೈಸೇರಿದ ಅರ್ಜಿಗಳನ್ನು ತಾವು ಓದುವ ವೇಗ ಈಗ ಗೊತ್ತಾದ್ದರಿಂದ ಈ ಕಾಗದವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದು ಗೋಣಿಬೀಡಿನಲ್ಲಿ ನೆಲೆಸಿದವನು ನಾನು. ಕಳೆದ ತಿಂಗಳು ನನ್ನ ಹೆಂಡತಿ ತ್ರಿಪುರಸುಂದರಿಗೆ ಚಿಕ್ಕಮಗಳೂರಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ಹತ್ತು ದಿನ ಅಲ್ಲೇ ಅವಳ ತಂಗಿಯ ಮನೆಯಲ್ಲಿರಬೇಕಿತ್ತು. ನಮ್ಮ ನಾಯಿಯ ಹೆಸರು ಮೇಸ್ತ್ರಿ. ಬೆಳಿಗ್ಗೆ ಆಳುಗಳ ಮುಂದೆ ಠೀವಿಯಿಂದ ನಡೆಯುತ್ತಿದ್ದುದಕ್ಕೆ ತೋಟದವರೇ ಇಟ್ಟ ಹೆಸರು. ಈಗ ಮುದಿಯಾಗಿತ್ತು, ಕಿವಿ ಮಂದ, ಅವಳ ಕೈತುತ್ತು ಬಿಟ್ಟರೆ ಬೇರೆಯವರ ಅನ್ನ ಮೂಸುತ್ತಲೂ ಇರಲಿಲ್ಲ. ಹಾಗಾಗಿ ಜೊತೆಗೇ ಕರೆದೊಯ್ಯಲೆಂದು ಬಸ್ ನಿಲ್ದಾಣಕ್ಕೆ ತಂದೆವು.

"ನಾಯಿ ಹತ್ಸಂಗಿಲ್ಲ ಸಾರ್. ಆಫೀಸಿಂದ ಪರ್ಮಿಷನ್ ಲೆಟರ್ ಬೇಕು" ಎಂದ ಕಂಡಕ್ಟರ್. ಅದೇ ಬಾಗಿಲಲ್ಲಿ ಭೂತಯ್ಯ ಎಂಬಾತ ಕಾಲು ಕಟ್ಟಿದ ಎರಡು ಹುಂಜ ಹಿಡಿದು ಹತ್ತಿದ. ಇದಕ್ಕೆ ಲೆಟರ್ ಬೇಡವೇ ಎಂದೆ. "ಅದು ಹರಕೆ ಕೋಳಿ ಸಾರ್. ಅದನ್ನ ತಡೆಯಕ್ಕಾಗ್ತದಾ?" ಆಹಾ! ಕೊಯ್ಯಲು ಒಯ್ಯುವ ಪ್ರಾಣಿಗೆ ಸೀಟಿನಡಿ ಜಾಗ, ಸಾಕಲು ಒಯ್ಯುವ ಪ್ರಾಣಿಗೆ ಕಾಯಿದೆ. ಇದನ್ನು ಬರೆದ ಪುಣ್ಯಾತ್ಮ ಯಾರು ಸ್ವಾಮಿ?

ನಿಲ್ದಾಣದೆದುರು ಸೈಕಲ್ ರಿಪೇರಿ ಮಾಡುವ ನಜೀರ್ ಗೋಣಿಚೀಲ ತಂದು, "ರೈಟ್ರೇ, ಇದ್ರೊಳಗೆ ಕೂರ್ಸಿ ಟಾಪಿಗೆ ಹಾಕುವ ಮಾರಾಯ್ರೆ, ಯಾರು ನೋಡ್ತಾರೆ?" ಎಂದ. ನಾನು ಒಪ್ಪಲಿಲ್ಲ. ಜೀವಮಾನವಿಡೀ ಕಾಗದಕ್ಕೆ ಮರ್ಯಾದೆ ಕೊಟ್ಟವನು, ಅಲ್ಲೇ ನಿಂತು ಅರ್ಜಿ ಬರೆದು ಕಂಡಕ್ಟರ್ ಕೈಗಿತ್ತೆ. ನನ್ನ ಬುದ್ಧಿಗಿಷ್ಟು! ಕಡೆಗೆ ನಜೀರನೇ, "ಹೋಗ್ಬನ್ನಿ, ನಾನು ನೋಡ್ಕೊಳ್ತೇನೆ" ಎಂದು ನಾಯಿಯ ಹಗ್ಗ ಹಿಡಿದುಕೊಂಡ.

ಅವನದು ಎಳ್ಳಷ್ಟೂ ತಪ್ಪಿಲ್ಲ. ಅನ್ನ ಹಾಕಿದ, ಹಾಲು ಹಾಕಿದ, ಅದು ಮುಟ್ಟಲಿಲ್ಲ. ಬಸ್ ಬಂದಾಗಲೆಲ್ಲ ಬಾಗಿಲಿಗೆ ಹೋಗಿ ಇಳಿದವರನ್ನೆಲ್ಲ ಮೂಸಿ ಬರುತ್ತಿತ್ತಂತೆ. ಕಟ್ಟಿಹಾಕಿದರೆ ಊಳಿಡುತ್ತಿತ್ತಂತೆ. ಆರನೆಯ ದಿನ ಹಗ್ಗ ಕಡಿದುಕೊಂಡು ಓಡಿತು. ಎಲ್ಲರೂ ಇಳಿದು ಹೋದರೂ ಬಸ್ಸಿನ ಹಿಂದೆ ಕಾಯುತ್ತ ನಿಂತಿತ್ತು. ಡ್ರೈವರ್ ರಿವರ್ಸ್ ತೆಗೆದ.

ತಮ್ಮ ಉತ್ತರ ನಿನ್ನೆ ಕೈಸೇರಿತು: "ಅನುಮತಿಗಾಗಿ ಸದರಿ ಪ್ರಾಣಿಯನ್ನು ಚಿಕ್ಕಮಗಳೂರಿನ ಕಚೇರಿಯಲ್ಲಿ ಖುದ್ದಾಗಿ ಹಾಜರುಪಡಿಸತಕ್ಕದ್ದು." ಯಾವ ಬಸ್ಸಿನಲ್ಲಿ ತರಬೇಕಿತ್ತು, ಮಹಾಶಯರೇ?

ನಲವತ್ತು ದಿನ ಓದಕೂಡದು, ಅಳಕೂಡದು ಎಂದು ಡಾಕ್ಟರು ನನ್ನ ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದಾರೆ. ಊರಿಗೆ ಮರಳಿದ ದಿನ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದವಳು ಎಡಗೈಯನ್ನು ಕೆಳಗೆ ಚಾಚಿ ನಿಂತಳು. "ಎಲ್ರೀ, ಮೇಸ್ತ್ರಿ ಬರ್ಲಿಲ್ವಾ?" ನಜೀರ್ ಮುಖ ತಿರುಗಿಸಿದ. ತೋಟದವರು ಕರೆದುಕೊಂಡು ಹೋಗಿದ್ದಾರೆಂದು ಸುಳ್ಳು ಹೇಳಿದೆ. ಅಂದಿನಿಂದ ದಿನಾ ಕೇಳುತ್ತಾಳೆ, ದಿನಾ ಹೇಳುತ್ತೇನೆ. ಅವಳಿಗೆ ಪತ್ರಿಕೆ ಓದಿ ಹೇಳುವವನೂ ನಾನೇ. ಈ ಪುಟವನ್ನು ಬಿಟ್ಟು ಓದುತ್ತೇನೆ.

ನನ್ನ ಬೇಡಿಕೆ ಎರಡು. ಹರಕೆ ಕೋಳಿಗೆ ಸಿಗುವ ಜಾಗ ಸಾಕುಪ್ರಾಣಿಗೂ ಸಿಗಲಿ. ಮತ್ತೆ, ಏಪ್ರಿಲ್ ನಾಲ್ಕಕ್ಕೆ ಅವಳ ನಲವತ್ತು ದಿನ ಮುಗಿಯುತ್ತದೆ. ಅಂದು ತಾವು ನಮ್ಮ ಮನೆಯಲ್ಲಿ ಖುದ್ದಾಗಿ ಹಾಜರಾಗಿ, ಮೇಸ್ತ್ರಿ ಎಲ್ಲಿ ಎಂದು ಅವಳು ಕೇಳಿದಾಗ ಉತ್ತರ ಹೇಳತಕ್ಕದ್ದು.

ಇಂತಿ,
ಗೋಣಿಚೀಲ ಬೇಡವೆಂದ
ಉಮಾಮಹೇಶ್ವರ, ನಿವೃತ್ತ ರೈಟರ್
ಗೋಣಿಬೀಡು, ೧೫ ಮಾರ್ಚ್ ೧೯೮೪