ತಳ ಕಾಣದ ಬಾಟಲಿ

ಪ್ರಯೋಗಾಲಯ, ತೂಕದ ಕೋಣೆ
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಮಂಡಿ ಹೇಗಿದೆ? ಡಾಕ್ಟರು ಹೇಳಿದಷ್ಟು ನಡೆಯುತ್ತಿದ್ದೀರೋ, ಇಲ್ಲ ಅಕ್ಕನಿಗೆ ಕಾಣುವಂತೆ ಬಾಗಿಲವರೆಗೆ ಹೋಗಿ ಮತ್ತೆ ಕುರ್ಚಿ ಹಿಡಿಯುತ್ತಿದ್ದೀರೋ? ಅಕ್ಕ ಎಲ್ಲ ವರದಿ ಒಪ್ಪಿಸಿದ್ದಾಳೆ, ತಪ್ಪಿಸಿಕೊಳ್ಳಲು ನೋಡಬೇಡಿ. ಅಮ್ಮ ಆರಾಮಾಗಿದ್ದಾಳೆ. ನೀವು ಅಕ್ಕನ ಮನೆಯಲ್ಲಿರುವ ಕಾರಣ ಇಲ್ಲಿ ರೇಡಿಯೋ ಪೂರ್ತಿ ಅವಳ ವಶದಲ್ಲಿದೆ. ಈ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ದನಿ ಕೇಳಿದರೆ ನನಗೆ ಬಾಯಿ ಬರುವುದಿಲ್ಲ. ನಾಳೆ ಭಾವ ಅಲ್ಲಿಗೆ ಬರುತ್ತಿದ್ದಾರಲ್ಲ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಹೋದ ವಾರ ಸೋಮವಾರ ಸೊಪ್ಪು ಬೆಳೆಯುವ ಹೆಂಗಸೊಬ್ಬಳು ಬಂದಿದ್ದಳು. ಬರೀ ಸಗಣಿ ಗೊಬ್ಬರದಲ್ಲಿ ಬೆಳೆಯುತ್ತಾಳೆಂದು ಸರ್ಟಿಫಿಕೇಟು ಪಡೆದಿದ್ದವಳು. ಅವಳ ಸೊಪ್ಪಿನಲ್ಲಿ ಸಗಣಿ ಗೊಬ್ಬರದಿಂದ ಬರಬೇಕಾದಷ್ಟು ಭಾರದ ಸಾರಜನಕ ಇಲ್ಲ, ಚೀಲದ ರಾಸಾಯನಿಕ ಗೊಬ್ಬರ ಹಾಕಿರಬೇಕು ಎಂದು ನಾವು ವರದಿ ಕೊಟ್ಟಿದ್ದೆವು. ಸರ್ಟಿಫಿಕೇಟು ಅಮಾನತಾಯಿತು, ಕೊಳ್ಳುವವರು ದೂರವಾದರು. ಶುಕ್ರವಾರ ಅವಳ ಮೇಲ್ಮನವಿಯ ವಿಚಾರಣೆ. ಅಲ್ಲೂ ಸೋತರೆ ಅದು ಶಾಶ್ವತವಾಗಿ ರದ್ದು. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ನೀವೇ ಬಂದು ನೋಡಿ, ಒಂದು ಚೀಲ ಸಿಕ್ಕಿದ್ರೂ ನಾನು ಬೇಸಾಯ ಬಿಟ್ಬಿಡ್ತೀನಿ" ಅಂದಳು. ಮಿಷಿನ್ ಸುಳ್ಳು ಹೇಳುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದೆ. ಅವಳು ಹೋದ ಮೇಲೆ ಮನಸ್ಸು ಕೊರೆಯತೊಡಗಿತು.

ಯಾಕೆಂದರೆ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೀವು ಹೇಳಿದ ಮಾತೇ ಬೇರೆ. "ಮಿಷಿನ್‌ಗೆ ಸ್ವಂತ ಬುದ್ಧಿ ಇಲ್ಲ ಕಣಮ್ಮಾ. ನಮ್ಮ ಪುಡಿ ಹೇಳಿದ್ದೇ ಅದಕ್ಕೆ ವೇದವಾಕ್ಯ." ಆ ಪುಡಿ ನೀವು ಇಲ್ಲಿ ಕೆಲಸದಲ್ಲಿದ್ದಾಗ ಮಾಡಿದ್ದು. ಮೇಲಿನ ತೋಟದ ಒಂದೇ ಮರದ ಎಲೆ ಒಣಗಿಸಿ, ಅರೆದು, ಜರಡಿ ಹಿಡಿದು, ಆರು ಪ್ರಯೋಗಾಲಯಗಳಿಗೆ ಕಳಿಸಿ ಅದರ ಸಾರಜನಕದ ಅಳತೆ ಗೊತ್ತುಮಾಡಿಸಿದ ಅರವತ್ತು ಗ್ರಾಂ. ಮಾದರಿಗಳ ಪ್ರತಿ ಸರದಿಯ ಮೊದಲು, ನಡುವೆ, ಕೊನೆಗೆ ಅದನ್ನು ಒಂದು ಚಿಟಿಕೆ ಇಟ್ಟು, ಅದಕ್ಕೆ ಹೋಲಿಸಿಯೇ ಉಳಿದ ಎಲ್ಲದರ ಲೆಕ್ಕ. ತೂಕದ ಕಲ್ಲೇ ತಪ್ಪಾದರೆ ತಕ್ಕಡಿ ಏನು ಮಾಡೀತು?

ಹೊರಗಿನಿಂದ ಹೊಸದಾಗಿ ತರಿಸಿದ ಪ್ರಮಾಣಿತ ಎಲೆಪುಡಿ ಬಂದಿತ್ತು. ಅದರ ಪಕ್ಕದಲ್ಲಿ ನಿಮ್ಮದನ್ನಿಟ್ಟು ಮಿಷಿನ್‌ನಲ್ಲಿ ಓಡಿಸಿದೆ. ಅಪ್ಪಾ, ನಿಮ್ಮ ಪುಡಿಯ ಸಾರಜನಕ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಎರಡು ಅಂಶ ಭಾರವಾಗಿ ಬಂತು. ಐದು ಸಲ ಓಡಿಸಿದರೂ ಅಷ್ಟೇ. ಅಂದರೆ ಇಷ್ಟು ವರ್ಷ ಎಲ್ಲರ ಸೊಪ್ಪು ಸದೆಯನ್ನೂ ನಾವು ಎರಡು ಅಂಶ ಕಡಿಮೆ ಮಾಡಿ ಹೇಳಿದ್ದೇವೆ. ಆ ಹೆಂಗಸಿನದಕ್ಕೆ ಎರಡು ಸೇರಿಸಿ ನೋಡಿದೆ. ಅವಳು ಹೇಳಿದ್ದು ನಿಜ.

ಆಮೇಲೆ ಬಾಟಲಿಯನ್ನೇ ನೋಡುತ್ತಾ ಕೂತೆ. ಇಲ್ಲಿ ಎಲ್ಲರೂ ತಮಾಷೆಗೆ ಅದನ್ನು ನಿಮ್ಮ ಅಕ್ಷಯಪಾತ್ರೆ ಎನ್ನುತ್ತಿದ್ದರಲ್ಲ, ನೀವೂ ಮೀಸೆಯಲ್ಲೇ ನಗುತ್ತಿದ್ದಿರಲ್ಲ. ವರ್ಷಕ್ಕೆ ಹತ್ತು ಗ್ರಾಂ ಖರ್ಚು. ಆರನೇ ವರ್ಷಕ್ಕೆ ತಳ ಕಾಣಬೇಕಿತ್ತು. ಈಗ ಒಂಬತ್ತು ತುಂಬಿತು, ಇನ್ನೂ ಮೂರನೇ ಒಂದು ಭಾಗ ಇದೆ. ಹೊಸ ಬಾಟಲಿ ಮಾಡಿ ಮತ್ತೆ ಆರು ಕಡೆ ಕಳಿಸಲು ಒಂದು ವರ್ಷ ಬೇಕು, ಅಷ್ಟು ದಿನ ಕೆಲಸ ನಿಲ್ಲಬಾರದು, ಹೇಗೂ ಅದೇ ಮರದ ಎಲೆ ಎಂದು ನೀವು ಮೇಲಿಂದ ತುಂಬಿಸಿದಿರಿ. ದುರಾಸೆಗಲ್ಲ, ನನಗೆ ಗೊತ್ತು. ಆದರೂ ಕೋಪ ಬರುತ್ತದೆ ಅಪ್ಪಾ. ಒಂದು ಸಾಲು ಬರೆದಿಡಬಾರದಿತ್ತೇ?

ಮುಖ್ಯಸ್ಥರಿಗೆ ಹೇಳಿದೆ. "ನಿಮ್ಮಪ್ಪನ ಕಾಲದ್ದು ಬಿಡಮ್ಮಾ. ಹೊಸ ಪುಡಿ ಶುರು ಮಾಡು, ಹಳೇದನ್ನ ಯಾಕೆ ಕೆದಕ್ತೀಯ?" ಅಂದರು. ಹೇಳುವಾಗ ಅವರ ಕಣ್ಣು ಗೋಡೆಯ ಮೇಲಿನ ನಿಮ್ಮ ಫೋಟೋದ ಕಡೆಗಿತ್ತು. ಸುಮ್ಮನಿದ್ದರೆ ಆ ಫೋಟೋ ಅಲ್ಲೇ ಇರುತ್ತದೆ, ಅವಳ ಹೊಲ ಇರುವುದಿಲ್ಲ. ನಾನು ಶುಕ್ರವಾರ ವಿಚಾರಣೆಗೆ ಹೋಗುತ್ತೇನೆ. ಬಾಟಲಿ ತುಂಬಿಸಿದ್ದನ್ನು ನಿಮ್ಮ ಕೈಯಾರೆ ಎರಡು ಸಾಲು ಬರೆದು ಭಾವನ ಕೈಯಲ್ಲಿ ಕೊಡಿ. ಅವರು ಗುರುವಾರ ಸಂಜೆ ವಾಪಸ್ಸು ಬರುತ್ತಾರೆ.

ಅಕ್ಕನಿಗೆ ಕೇಳಿದೆನೆಂದು ಹೇಳಿ, ಅವಳ ಮಗಳಿಗೆ ಮುತ್ತು. ನಿಮ್ಮ ಎರಡು ಕಾಲಿಗೂ ನಮಸ್ಕಾರ, ಹೊಸ ಮಂಡಿಗೆ ಒಂದು ಹೆಚ್ಚು.

ನಿಮ್ಮ
ಚಿಕ್ಕವಳು

ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ನೀವು ತುಂಬಿಸಿದ ದಿನ ಯಾವುದೆಂದು ನನಗೆ ಗೊತ್ತು. ನನ್ನ ಕಾಲೇಜಿನ ಕೊನೆಯ ಪರೀಕ್ಷೆ ಮುಗಿದ ವಾರ. ಎಲೆ ತರಲು ನನ್ನನ್ನೇ ಕಳಿಸಿದ್ದಿರಿ. ಮೇಲಿನ ತೋಟದ ಮರಕ್ಕೆ ಏಣಿ ಬೇಕಿತ್ತು, ಬಿಸಿಲಿತ್ತು. ತೋಟಗಾರನ ಸಗಣಿ ಗೊಬ್ಬರದ ಗುಂಡಿಯ ಪಕ್ಕ ಅದೇ ಜಾತಿಯ ಇನ್ನೊಂದು ಮರ, ಕೊಂಬೆ ಕೈಗೆ ಸಿಗುತ್ತಿತ್ತು. ಗೊಬ್ಬರ ಕುಡಿದ ಮರದ ಎಲೆ ಭಾರವಾಗದೆ ಇನ್ನೇನಾಗುತ್ತದೆ? ಅದೇ ಮರದ್ದಾ ಎಂದು ನೀವು ಎರಡು ಸಲ ಕೇಳಿದಿರಿ. ಎರಡು ಸಲವೂ ಹೂಂ ಅಂದೆ. ಶುಕ್ರವಾರ ಮೊದಲು ನನ್ನ ಹೆಸರು ಹೇಳುತ್ತೇನೆ, ಆಮೇಲೆ ನಿಮ್ಮದು.