ನೀಲಕಂಠದ ಕೊರಳು

ಬೂದಿಗಾಳಿಯ ತೊಂಬತ್ತೊಂದನೇ ವರ್ಷ, ಹದಿಮೂರನೇ ತಿಂಗಳು, ತಾರೀಕು ಮರೆತಿದೆ.

ಮೈ ಡಿಯರ್ ಸರ್ ಅಂಡ್ ಮೇಡಂ, ಹಿಂದಿನ ಕಾಲದ ಹಿರಿಯರಿಗೆ ಗವಿಸಿದ್ದಪ್ಪನ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಕೈಂಡ್ಲಿ ಎಕ್ಸ್‌ಕ್ಯೂಸ್ ಮಾಡಬೇಕು. ಕಾಲೇಜಿನ ಇಂಗ್ಲಿಷು ಅರ್ಧ ಮರೆತಿದೆ; ಕನ್ನಡ ತಿದ್ದುತ್ತಿದ್ದ ಹೆಂಡತಿ ಶಿವಗಂಗಾ ತೀರಿಕೊಂಡು ಎಂಟು ತಿಂಗಳಾಯಿತು.

ಬೂದಿಗಾಳಿ ಅಂದರೆ ಸುಟ್ಟ ಕಾಡುಗಳ ಮೇಲಿಂದ ಬಿಡದೆ ಬೀಸುವ ಗಾಳಿ. ಮನೆ, ಮರ, ಹಕ್ಕಿ ಎಲ್ಲಕ್ಕೂ ಅದು ಒಂದೇ ಬಣ್ಣ ಕೊಟ್ಟಿದೆ. ರೊಟ್ಟಿಯನ್ನೂ ನಾವು ಊದಿಕೊಂಡು ತಿನ್ನುತ್ತೇವೆ. ತಲೆಗೆ ದಿನಕ್ಕೆ ನಾಲ್ಕು ಲೋಟ ನೀರು. ತೊಳೆಯುವುದು ಅಂದರೇನೆಂದು ಮಕ್ಕಳಿಗೆ ಗೊತ್ತಿಲ್ಲ. ನಾನು ಮೂವತ್ತು ವರ್ಷ ಬಣ್ಣದಮನೆಯಲ್ಲಿ ದುಡಿದೆ. ಬೂದಿ ಮೆತ್ತಿದ ಹಕ್ಕಿಗಳನ್ನು ಹಿಡಿದು ತಂದು, ಹೆಸರಿನಲ್ಲಿರುವ ಬಣ್ಣವನ್ನು ಮೈಗೆ ಬಳಿದು ಮಕ್ಕಳಿಗೆ ತೋರಿಸುವ ಕಚೇರಿ ಅದು. ಬೆಳ್ಳಕ್ಕಿಗೆ ಸುಣ್ಣ, ಹೊನ್ನಕ್ಕಿಗೆ ಅರಿಷಿಣ, ಕೆಂಬೂತಕ್ಕೆ ಮೈತುಂಬ ಕೆಮ್ಮಣ್ಣು. ನೀಲಕಂಠಕ್ಕೆ ಕಂಠ ನೀಲಿ. ವೆರಿ ಸಿಂಪಲ್. ಹಕ್ಕಿ ಆ ಬಣ್ಣವನ್ನು ಕೊಕ್ಕಿನಿಂದ ಕಿತ್ತು ಕಿತ್ತು ನಾಲ್ಕು ದಿನದಲ್ಲಿ ಸಾಯುತ್ತಿತ್ತು. ಇನ್ನೊಂದನ್ನು ಹಿಡಿದು ತರುತ್ತಿದ್ದರು.

ಹಕ್ಕಿಗಳಿಗೆ ಹುಳ ತಿನ್ನಿಸುವ ಕೆಲಸ ಶಿವಗಂಗಾಳದು. “ಅದರ ಕೊಳ್ಳಾಗ ನೀಲಿ ಎಲ್ಲೈತ್ರೀ? ರೆಕ್ಕ್ಯಾಗ ಐತಂತ ನಮ್ಮಜ್ಜಿ ಹೇಳ್ತಿದ್ಲು. ಒಮ್ಮೆ ತೊಳದರೆ ನೋಡ್ರಿ,” ಎನ್ನುತ್ತಿದ್ದಳು. “ನೀ ಏನು ಪ್ರೊಫೆಸರಾ? ಹೆಸರು ಸುಳ್ಳು ಹೇಳತೈತೇನು?” ಎಂದು ನಾನು ನಗುತ್ತಿದ್ದೆ. ಕಚೇರಿಯ ಸಾಹೇಬರೂ ನಗುತ್ತಿದ್ದರು.

ಕೊನೆಗೆ ಒಂದೇ ನೀಲಕಂಠ ಉಳಿಯಿತು. ಅದನ್ನು ಅವಳು ಮನೆಗೆ ತಂದು ಬುಟ್ಟಿಯಲ್ಲಿ ಬಚ್ಚಿಟ್ಟಳು. ತನ್ನ ನೀರಿನಲ್ಲಿ ದಿನಾ ಎರಡು ಲೋಟ ಅದಕ್ಕೇ ಕುಡಿಯಲು ಕೊಟ್ಟಳು. ತನಗೆ ಜ್ವರ ಹತ್ತಿದಾಗಲೂ ನಿಲ್ಲಿಸಲಿಲ್ಲ. ನಾನು ಬೈದೆ. ನಾಲಿಗೆ ಒಣಗಿಯೇ ಹೋದಳು.

ಈಗ ಯಾರೋ ಕಚೇರಿಗೆ ಸುದ್ದಿ ಮುಟ್ಟಿಸಿದ್ದಾರೆ. ನಾಳೆ ಹಕ್ಕಿಯನ್ನು ಬಳಿದು ತರಬೇಕೆಂದು ಆರ್ಡರ್ ಬಂದಿದೆ. ಬಣ್ಣದ ಡಬ್ಬಿ ಬಿಚ್ಚಿ ಕೂತವನಿಗೆ ಅವಳ ಮಾತು ನೆನಪಾಯಿತು. ನನ್ನ ನಾಲ್ಕು ಲೋಟವನ್ನೂ ತಂದು ಮೊದಲು ಕೊರಳು ತೊಳೆದೆ. ಮಾಸಲು ಕಂದು, ಅಷ್ಟೇ. ಆಮೇಲೆ ರೆಕ್ಕೆ ಬಿಡಿಸಿ ತೊಳೆದೆ. ಎರಡು ನೀಲಿ, ಸರ್. ಒಂದು ಗಾಢ, ಒಂದು ತಿಳಿ. ನನ್ನ ಡಬ್ಬಿಗಳಲ್ಲಿ ಎರಡೂ ಇಲ್ಲ. ಈ ಕೈಯಿಂದ ಇನ್ನೂರಕ್ಕೂ ಹೆಚ್ಚು ನೀಲಕಂಠಗಳ ಕೊರಳಿಗೆ ಬಣ್ಣ ಬಳಿದಿದ್ದೇನೆ. ಒಂದರ ರೆಕ್ಕೆಯನ್ನೂ ಬಿಡಿಸಿ ನೋಡಲಿಲ್ಲ.

ಹೀಗೇ ಒಯ್ದರೆ ಬೇರೆಯವರ ಕೈಯಿಂದ ಬಳಿಸುತ್ತಾರೆ. ಒಯ್ಯದಿದ್ದರೆ ನನ್ನ ನೀರು ನಿಲ್ಲಿಸುತ್ತಾರೆ. ನಿಲ್ಲಿಸಲಿ.

ಒಂದು ವಿನಂತಿ. ನಿಮ್ಮ ಕಾಲದಲ್ಲಿ ಈ ಹಕ್ಕಿ ತಂತಿಯ ಮೇಲೆ ಸುಮ್ಮನೆ ಕೂತಿರುತ್ತದಂತೆ, ಅವಳ ಅಜ್ಜಿ ಹೇಳಿದ್ದು. ಹೆಸರು ಗೊತ್ತಿದೆಯಲ್ಲ ಎಂದು ಮುಂದೆ ಹೋಗಬೇಡಿ. ಅದು ಹಾರುವ ತನಕ ನಿಲ್ಲಿ. ಬಣ್ಣ ಎಲ್ಲಿತ್ತೆಂದು ಮನೆಗೆ ಹೋಗಿ ಬರೆದಿಡಿ. ನಮಗೆ ಅಂಥ ಒಂದು ಕಾಗದ ಸಿಕ್ಕಿದ್ದರೂ ಸಾಕಿತ್ತು.

ಯುವರ್ಸ್ ಒಬೀಡಿಯೆಂಟ್ಲಿ,
ಗವಿಸಿದ್ದಪ್ಪ

ಬಾಗಿಲು ತೆರೆದೆ. ಹಾರುವಾಗ ಎರಡೂ ನೀಲಿ ಕಂಡವು. ಮೂರು ಮನೆ ದಾಟುವಷ್ಟರಲ್ಲಿ ಬೂದಿ ಮುಚ್ಚಿತು.